ಸಂತರ ದಿನಕ್ಕೆ ಈಗ ಎಷ್ಟು ಮಹತ್ವ?



ಡಿಸೆಂಬರ್ 3ರಂದು ಗೋವಾದಲ್ಲಿ ಸರಕಾರಿ ರಜೆ. ಅಂದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬ ಎಂಬುದು ಅಲ್ಲಿನ ನಮ್ಮ ಸದಸ್ಯರಿಗೆಲ್ಲ ಗೊತ್ತು. ಆದರೆ ಕ್ಯಾಥೊಲಿಕರ ಕ್ಯಾಲೆಂಡರ್ ತೆರೆದು ನೋಡಿದರೆ ತಿಂಗಳುದ್ದಕ್ಕೂ ಒಬ್ಬರಲ್ಲ ಒಬ್ಬರು ಸಂತರ ಹೆಸರಿರುತ್ತದೆ. ಇವನ್ನೆಲ್ಲ ಅವರು ಆಚರಿಸುತ್ತಾರೆಯೇ? ಆಚರಿಸದಿದ್ದರೆ ತಪ್ಪೇ? ಗಡಿ ಊರುಗಳಲ್ಲಿ ನೆರೆಹೊರೆಯ ಕ್ರೈಸ್ತರ ಹಬ್ಬಗಳಿಗೆ ಹೋಗಿಬರುವ ನಾವು ಇಷ್ಟನ್ನಾದರೂ ತಿಳಿದಿರುವುದು ಒಳ್ಳೆಯದು.

ಸಂತರ ದಿನ ಎಂದರೇನು?

ಸಾಮಾನ್ಯವಾಗಿ ಅದು ಆ ಸಂತರು ತೀರಿಕೊಂಡ ದಿನ. ಮರಣವೆಂದರೆ ಸ್ವರ್ಗದಲ್ಲಿ ಹುಟ್ಟು ಎಂಬುದು ಕ್ರೈಸ್ತರ ನಂಬಿಕೆ. ಫ್ರಾನ್ಸಿಸ್ ಝೇವಿಯರ್ ಅವರು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ಕೊನೆಯುಸಿರೆಳೆದದ್ದು 1552ರ ಡಿಸೆಂಬರ್ 3ರಂದು. ಪಾದುವಾದ ಸಂತ ಅಂತೋಣಿಯವರು ತೀರಿಕೊಂಡದ್ದು 1231ರ ಜೂನ್ 13ರಂದು. ಮಂತ್ರಾಲಯದ ಆರಾಧನೆ, ಸೂಫಿ ಸಂತರ ಉರುಸ್ ನೋಡಿದ ನಮಗೆ ಇದು ಹೊಸ ವಿಚಾರವಲ್ಲ. ಇದಕ್ಕೆ ಎರಡು ಅಪವಾದಗಳಿವೆ. ಸ್ನಾನಿಕ ಯೋಹಾನರ ಜನನವನ್ನು ಜೂನ್ 24ರಂದು, ಮರಿಯಮ್ಮನವರ ಜನನವನ್ನು ಸೆಪ್ಟೆಂಬರ್ 8ರಂದು ಆಚರಿಸುತ್ತಾರೆ.

ಎಲ್ಲ ದಿನಕ್ಕೂ ಒಂದೇ ತೂಕವಿಲ್ಲ

ರೋಮಿನ ಕ್ಯಾಲೆಂಡರಿನಲ್ಲಿ ನಾಲ್ಕು ದರ್ಜೆಗಳಿವೆ: ಮಹೋತ್ಸವ, ಹಬ್ಬ, ಸ್ಮರಣೆ ಮತ್ತು ಐಚ್ಛಿಕ ಸ್ಮರಣೆ. ಸಂತ ಜೋಸೆಫರ ದಿನ (ಮಾರ್ಚ್ 19) ಮಹೋತ್ಸವ. ರೋಮಿನಲ್ಲಿ 258ರಲ್ಲಿ ಹುತಾತ್ಮರಾದ ಸಂತ ಲಾರೆನ್ಸರ ದಿನ (ಆಗಸ್ಟ್ 10) ಹಬ್ಬ. ಸಂತ ಅಂತೋಣಿಯವರದು ಸ್ಮರಣೆ. ಸಂತ ಜಾರ್ಜರದು (ಏಪ್ರಿಲ್ 23) ಐಚ್ಛಿಕ ಸ್ಮರಣೆ, ಅಂದರೆ ಅಂದಿನ ಪೂಜೆಯಲ್ಲಿ ಅವರನ್ನು ನೆನೆಯುವುದು ಬಿಡುವುದು ಗುರುಗಳ ಇಷ್ಟ.

ಇನ್ನು ಕಡ್ಡಾಯದ ಮಾತು. ಭಾನುವಾರಗಳನ್ನು ಬಿಟ್ಟು ಹತ್ತು ದಿನ ಪೂಜೆಗೆ ಹೋಗಲೇಬೇಕೆಂದು ಚರ್ಚಿನ ಕಾನೂನು ಹೇಳುತ್ತದೆ. ಅವುಗಳಲ್ಲಿ ಯೇಸುವಿನ ಮತ್ತು ಮರಿಯಮ್ಮನವರ ದಿನಗಳನ್ನು ಕಳೆದರೆ ಸಂತರಿಗೆ ಉಳಿಯುವುದು ಮೂರೇ: ಸಂತ ಜೋಸೆಫರ ದಿನ, ಪೇತ್ರ ಮತ್ತು ಪೌಲರ ದಿನ (ಜೂನ್ 29), ಸಕಲ ಸಂತರ ದಿನ (ನವೆಂಬರ್ 1). ಈ ಪಟ್ಟಿಯನ್ನೂ ರೋಮಿನ ಒಪ್ಪಿಗೆ ಪಡೆದು ಆಯಾ ದೇಶದ ಧರ್ಮಾಧ್ಯಕ್ಷರು ಮೊಟಕುಗೊಳಿಸಬಹುದು. ಹೀಗಾಗಿ ಹೆಚ್ಚಿನ ಸಂತರ ದಿನಗಳಂದು ಕ್ಯಾಥೊಲಿಕರು ಎಂದಿನಂತೆ ಕೆಲಸಕ್ಕೆ ಹೋದರೆ ಯಾವ ನಿಯಮವೂ ಮುರಿಯುವುದಿಲ್ಲ.

ಪಟ್ಟಿ ಚಿಕ್ಕದಾಗುತ್ತ ಬಂದದ್ದು

ಹಿಂದೆ ಹೀಗಿರಲಿಲ್ಲ. ಕಡ್ಡಾಯದ ಹಬ್ಬಗಳು ಎಷ್ಟು ಹೆಚ್ಚಾಗಿದ್ದವೆಂದರೆ, ಕೂಲಿ ಮಾಡಿ ಉಣ್ಣುವವರಿಗೆ ತೊಂದರೆಯಾಗುತ್ತಿದೆ ಎಂಬ ದೂರು ಬಂದು 1642ರಲ್ಲಿ ಪೋಪ್ 8ನೇ ಅರ್ಬನ್ ಅವನ್ನು ಕಡಿಮೆ ಮಾಡಿದರು. 1911ರಲ್ಲಿ ಪೋಪ್ 10ನೇ ಪಯಸ್ ಎಂಟಕ್ಕೆ ಇಳಿಸಿದರು. ಆ ಮೇಲೆ ಬಂದ ಕಾನೂನು ಸಂಹಿತೆ ಅದನ್ನು ಹತ್ತು ಮಾಡಿತು.

1969ರಲ್ಲಿ ಪೋಪ್ 6ನೇ ಪೌಲ್ ಇಡೀ ಕ್ಯಾಲೆಂಡರನ್ನೇ ಪರಿಷ್ಕರಿಸಿದರು. ಸಂತರ ದಿನಗಳು ಭಾನುವಾರವನ್ನೂ ಯೇಸುವಿನ ಹಬ್ಬಗಳನ್ನೂ ಮರೆಸಬಾರದು ಎಂಬುದು ಒಂದು ಕಾರಣ. ಕೆಲವು ಸಂತರ ಬಗ್ಗೆ ಗಟ್ಟಿಯಾದ ಚಾರಿತ್ರಿಕ ಆಧಾರ ಇಲ್ಲದ್ದು ಇನ್ನೊಂದು. ಪ್ರಯಾಣಿಕರ ಸಂತ ಕ್ರಿಸ್ಟೊಫರ್ ಸಾರ್ವತ್ರಿಕ ಕ್ಯಾಲೆಂಡರಿನಿಂದ ಹೊರಬಂದರು. ಫೆಬ್ರವರಿ 14ರ ಸಂತ ವ್ಯಾಲೆಂಟೈನ್ ಕೂಡ ಹೊರಬಂದರು. ಜಗತ್ತೆಲ್ಲ ವ್ಯಾಲೆಂಟೈನ್ಸ್ ಡೇ ಎನ್ನುವ ದಿನದಲ್ಲಿ ಈಗಿರುವುದು ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರ ಸ್ಮರಣೆ. ಹಾಗೆಂದು ಕೈಬಿಟ್ಟವರ ಸಂತ ಪದವಿ ಹೋಗಲಿಲ್ಲ, ಅವರ ಹೆಸರಿನ ಊರುಗಳಲ್ಲಿ ಆಚರಣೆಗೆ ಅಡ್ಡಿಯೂ ಇಲ್ಲ.

ಊರು ಕೊಡುವ ತೂಕ

ಕಾಗದದ ಮೇಲಿನ ದರ್ಜೆಯನ್ನಷ್ಟೇ ನೋಡಿದರೆ ಸಂತರ ದಿನಗಳ ಕಾಲ ಮುಗಿಯಿತು ಎನಿಸಬಹುದು. ಊರಿಗೆ ಹೋಗಿ ನೋಡಿದರೆ ಬೇರೆಯೇ ಚಿತ್ರ. ರೋಮಿನ ಸಾರ್ವತ್ರಿಕ ಕ್ಯಾಲೆಂಡರಿನಲ್ಲಿ ಫ್ರಾನ್ಸಿಸ್ ಝೇವಿಯರ್ ಅವರ ದಿನ ಬರಿಯ 'ಸ್ಮರಣೆ'. ಗೋವಾದಲ್ಲಿ ಅವರು 'ಗೊಂಯ್ಚೊ ಸಾಯ್ಬ್', ಅಂದರೆ ಗೋವಾದ ಒಡೆಯ. ನವೆಂಬರ್ 24ರಿಂದಲೇ ಹಳೆ ಗೋವಾದಲ್ಲಿ ಒಂಬತ್ತು ದಿನಗಳ ನವೇನ ಶುರು. ಅವರ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನ ಹತ್ತು ವರ್ಷಕ್ಕೊಮ್ಮೆ. ಕಳೆದ ಸಲ ಅದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಸಾಲಿನಲ್ಲಿ ನಿಲ್ಲುವವರಲ್ಲಿ ಹಿಂದೂಗಳೂ ಬೇಕಾದಷ್ಟು ಜನ.

ಇದಕ್ಕೆ ಚರ್ಚಿನ ನಿಯಮದಲ್ಲೇ ಜಾಗವಿದೆ. ಒಂದು ಇಗರ್ಜಿ ಯಾವ ಸಂತರ ಹೆಸರಿನಲ್ಲಿದೆಯೋ ಅವರ ದಿನ ಆ ಇಗರ್ಜಿಯ ಮಟ್ಟಿಗೆ ಮಹೋತ್ಸವವಾಗುತ್ತದೆ. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ದಿನಕ್ಕೆ ಸೇರುವ ಜನಸಾಗರಕ್ಕೆ 'ಸ್ಮರಣೆ' ಎಂಬ ಮಾತು ಯಾವ ಮೂಲೆಗೂ ಸಾಲದು. ಕಾಸರಗೋಡಿನ ಬೇಳದ ಇಗರ್ಜಿ ಆರಂಭವಾದದ್ದು 1890ರಲ್ಲಿ. ಊರು ಕೇರಳದಲ್ಲಿದ್ದರೂ ಧರ್ಮಪ್ರಾಂತ್ಯ ಮಂಗಳೂರು. ಅದು ವ್ಯಾಕುಲ ಮಾತೆಯ ಹೆಸರಿನ ಇಗರ್ಜಿಯಾದ್ದರಿಂದ ಸೆಪ್ಟೆಂಬರ್ 15ಕ್ಕೆ ಅಲ್ಲಿ ಬೇರೆಯೇ ಅರ್ಥ.

ಕಾರ್ಕಳದ ಅತ್ತೂರಿನಲ್ಲಿ ದಿನಾಂಕವೂ ಬೇರೆ. ಸಂತ ಲಾರೆನ್ಸರ ದಿನ ಆಗಸ್ಟಿನಲ್ಲಿ, ಅಂದರೆ ಕರಾವಳಿಯ ಮಳೆಗಾಲದ ನಡುವೆ. ಅಲ್ಲಿನ ಪ್ರಸಿದ್ಧ ವಾರ್ಷಿಕ ಮಹೋತ್ಸವ ನಡೆಯುವುದು ಜನವರಿಯ ಕೊನೆಯಲ್ಲಿ. ಎಲ್ಲ ಮತದವರೂ ಮೇಣದ ಬತ್ತಿ ಹಿಡಿದು ಹರಕೆ ತೀರಿಸಲು ಬರುತ್ತಾರೆ. 2016ರಲ್ಲಿ ಆ ಇಗರ್ಜಿಗೆ ಬಸಿಲಿಕಾ ಪದವಿ ಸಿಕ್ಕಿತು.

ಮರಿಯಮ್ಮನವರ ಜನ್ಮದಿನ ಕರಾವಳಿಯಲ್ಲಿ ಮೊಂತಿ ಫೆಸ್ತ್, ತೆನೆ ಹಬ್ಬ. ಮಕ್ಕಳು ಒಂಬತ್ತು ದಿನ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಹರಸಿ ಕೊಟ್ಟ ಭತ್ತದ ತೆನೆ ಮನೆಗೆ ಬರುತ್ತದೆ. ಆ ಹೊಸ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ. ಗೋವಾದಲ್ಲಿ ಯೋಹಾನರ ಜನ್ಮದಿನವೆಂದರೆ ಸಾಂವ್ ಜಾಂವ್: ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ತುಂಬಿದ ಬಾವಿಗೆ ಹಾರುವುದು. ಮರಿಯಮ್ಮ ಬಂದಾಗ ಯೋಹಾನ ತಾಯಿಯ ಗರ್ಭದಲ್ಲೇ ನಲಿದಾಡಿದನೆಂಬ ಬೈಬಲ್ ಪ್ರಸಂಗದ ನೆನಪು ಅದು.

ಹಾಗಾದರೆ ಇಂದಿನ ಸ್ಥಿತಿ?

ನಮಗೆ ಕಾಣುವುದು ಇಷ್ಟು. ವಾರದ ನಡುವೆ ಬರುವ ಹೆಚ್ಚಿನ ಸಂತರ ದಿನಗಳು ಬೆಳಗಿನ ಪೂಜೆಗೆ ಬರುವ ಕೆಲವರ ಹೊರತು ಉಳಿದವರಿಗೆ ತಿಳಿಯದೆ ಕಳೆದುಹೋಗುತ್ತವೆ. ತನ್ನ ಹೆಸರಿನ ಸಂತರ ದಿನವನ್ನು ಹುಟ್ಟುಹಬ್ಬದಂತೆ ಆಚರಿಸುವ ಪದ್ಧತಿ ಪೋಲೆಂಡಿನಂಥ ದೇಶಗಳಲ್ಲಿ ಇದೆ, ನಮ್ಮ ಕಡೆ ವಿರಳ. ಆದರೆ ಊರಿನ ಸಂತರ ಹಬ್ಬ ಮಾತ್ರ ಗಟ್ಟಿಯಾಗಿ ನಿಂತಿದೆ. ಮುಂಬಯಿ, ಗಲ್ಫ್ ಎಂದು ಚದುರಿದವರು ರಜೆ ಹಾಕಿ ಬರುವುದು ಆ ದಿನಕ್ಕೆ. ಹೊಸ ದಿನಗಳೂ ಸೇರುತ್ತಿವೆ. ಗೋವಾದ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದು, 1711ರ ಜನವರಿ 16ರಂದು ಶ್ರೀಲಂಕಾದ ಕ್ಯಾಂಡಿಯಲ್ಲಿ ತೀರಿಕೊಂಡ ಜೋಸೆಫ್ ವಾಜ್ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ನಮ್ಮ ಕರಾವಳಿಯಲ್ಲಿ ನಡೆದಾಡಿದ ವ್ಯಕ್ತಿಯ ಹೆಸರು ಹೀಗೆ ಸಂತರ ಸಾಲಿಗೆ ಸೇರಿತು.

ನಮ್ಮ ಶಾಖೆಗಳಲ್ಲಿ ಒಂದು ವಿನಂತಿ

ನವೆಂಬರ್ 1 ನಮಗೆ ರಾಜ್ಯೋತ್ಸವ. ಗಡಿಯಾಚೆ ಬಹುತೇಕ ಊರುಗಳಲ್ಲಿ ಅಂದು ರಜೆ ಇಲ್ಲದಿದ್ದರೂ ನಾವು ಬಿಡುವು ಮಾಡಿಕೊಂಡು ಬಾವುಟ ಏರಿಸುತ್ತೇವೆ. ಅದೇ ದಿನ ಕ್ಯಾಥೊಲಿಕ್ ಸದಸ್ಯರಿಗೆ ಸಕಲ ಸಂತರ ಮಹೋತ್ಸವ. ಮರುದಿನ ಅವರು ಮೃತರನ್ನು ನೆನೆದು ಸಮಾಧಿಗಳಿಗೆ ಹೂವು, ಮೇಣದ ಬತ್ತಿ ಇಡುತ್ತಾರೆ. ಕಾರ್ಯಕ್ರಮದ ವೇಳೆ ಗೊತ್ತುಮಾಡುವ ಮುನ್ನ ಅವರ ಪೂಜೆಯ ಸಮಯವನ್ನು ಒಮ್ಮೆ ಕೇಳಿಕೊಳ್ಳಿ. ಆಯಾ ಊರಿನ ಇಗರ್ಜಿಯ ಹಬ್ಬ ಯಾವ ದಿನ ಎಂಬುದನ್ನೂ ಶಾಖೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ಸಂಘದ ಸಭೆ ಇಟ್ಟರೆ ಅವರು ಬರಲಾರರು. ಸಭೆ ಇಡದಿದ್ದರೆ ನಾವೇ ಅವರ ಹಬ್ಬಕ್ಕೆ ಹೋಗಿಬರಬಹುದು.