ಆಸ್ಪತ್ರೆ ಆಡಳಿತದವರ ಸಂಘ: ಬೈಲಾಗಿಂತ ಮೊದಲು ಯೋಜನೆ



ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಆಸ್ಪತ್ರೆಗಳಲ್ಲಿ ಆಡಳಿತ, ದಾಖಲೆ, ಬಿಲ್ಲು, ವಿಮೆ ವಿಭಾಗಗಳಲ್ಲಿ ದುಡಿಯುವ ನಮ್ಮ ಸದಸ್ಯರು ತಮ್ಮದೇ ವೃತ್ತಿ ಸಂಘ ಬೇಕೆನ್ನುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಬೈಲಾ ಬರೆಯುವ ಮೊದಲು ಮೂರು ವರ್ಷದ ಯೋಜನೆ ಬರೆಯಿರಿ ಎಂಬುದು ನನ್ನ ವಿನಂತಿ.

ಇಂಥ ಸಂಘ ಹೊಸದೇನಲ್ಲ. ಅಮೆರಿಕದ ಆಸ್ಪತ್ರೆ ಆಡಳಿತಗಾರರು 1933ರಲ್ಲೇ ಸಂಘ ಕಟ್ಟಿಕೊಂಡರು. ಇಂದು ಅದು ಅಮೆರಿಕನ್ ಕಾಲೇಜ್ ಆಫ್ ಹೆಲ್ತ್‌ಕೇರ್ ಎಕ್ಸಿಕ್ಯುಟಿವ್ಸ್. ಆಸ್ಪತ್ರೆ ನಡೆಸುವುದೂ ಕಲಿತು ಮಾಡಬೇಕಾದ ವೃತ್ತಿ ಎಂದು ಅದು ಸದಸ್ಯರಿಗೆ ಪರೀಕ್ಷೆ, ತರಬೇತಿ ನಡೆಸುತ್ತದೆ.

ಕಾರ್ಯತಂತ್ರ ಯೋಜನೆ ಎಂದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ. ನಾವು ಯಾರಿಗಾಗಿ ಇದ್ದೇವೆ? ಈಗ ಎಲ್ಲಿದ್ದೇವೆ? ಮೂರು ವರ್ಷಕ್ಕೆ ಎಲ್ಲಿ ಮುಟ್ಟಬೇಕು? ಮುಟ್ಟಿದೆವೆಂದು ಹೇಗೆ ತಿಳಿಯುತ್ತದೆ?

ನಮ್ಮ ಉತ್ತರ ಆಸ್ಪತ್ರೆಯ ಕೌಂಟರಿನಲ್ಲೇ ಇದೆ. 1956ರವರೆಗೆ ಬೀದರ್, ಗುಲ್ಬರ್ಗಾ, ನಾವು ಎಲ್ಲರೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ಇಂದಿಗೂ ನಮ್ಮ ಜನ ಚಿಕಿತ್ಸೆಗೆ ಹೈದರಾಬಾದಿಗೂ ಹೋಗುತ್ತಾರೆ, ಬೀದರ್, ಕಲಬುರಗಿಗೂ ಹೋಗುತ್ತಾರೆ. ತೆಲಂಗಾಣದ ಆರೋಗ್ಯಶ್ರೀ ಮಿತಿ 2023ರ ಡಿಸೆಂಬರಿನಿಂದ 10 ಲಕ್ಷ ರೂಪಾಯಿ. ಆಯುಷ್ಮಾನ್ ಕಾರ್ಡಿಗೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಅವಕಾಶವಿದೆ. ಆದರೆ ಯಾವ ಕಾಯಿಲೆಗೆ, ಯಾವ ಆಸ್ಪತ್ರೆಯಲ್ಲಿ, ಯಾವ ಕಾಗದ ಬೇಕು ಎಂದು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು. ನಮ್ಮ ಷಡ್ಡಕರನ್ನು ಗಡಿಯಾಚೆಯ ಒಂದು ಆಸ್ಪತ್ರೆಗೆ ಕರೆದೊಯ್ದಾಗ, ಒಂದು ಕಾಗದ ತರದ ಕಾರಣಕ್ಕೆ ಅರ್ಧ ದಿನ ಬೆಂಚಿನ ಮೇಲೆ ಕಳೆದೆವು. ಕಾಗದದ ಕೆಲಸದಲ್ಲೇ ಆಯುಷ್ಯ ಕಳೆದ ನನಗೇ ಹೀಗಾದರೆ, ಓದು ಬಾರದವರ ಪಾಡೇನು?

ಆದ್ದರಿಂದ ಗುರಿ ಎರಡೇ ಸಾಕು. ಮೊದಲ ವರ್ಷ, ಪ್ರತಿ ಊರಿನಲ್ಲಿ ಇದನ್ನೆಲ್ಲ ತಿಳಿಸಿ ಹೇಳುವ ಇಬ್ಬರು ಸದಸ್ಯರು. ಮುಂದಿನ ಎರಡು ವರ್ಷ, ಹೊಸಬರಿಗೆ ದಾಖಲೆ ಮತ್ತು ವಿಮೆ ಕೆಲಸದ ತರಬೇತಿ. ಎಷ್ಟು ಕುಟುಂಬ ಕೇಳಿ ಬಂದವು, ಎಷ್ಟಕ್ಕೆ ಕೆಲಸವಾಯಿತು ಎಂದು ಒಂದು ವಹಿಯಲ್ಲಿ ಬರೆದಿಡಿ. ಅದೇ ನಮ್ಮ ಅಳತೆ. ಸನ್ಮಾನ, ಬ್ಯಾನರು ಆಮೇಲೆ.

ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ತಾರೀಖು, ತಗಲುವ ಖರ್ಚು ಇರಲಿ. ಮೂರು ತಿಂಗಳಿಗೊಮ್ಮೆ ತೆರೆದು ನೋಡೋಣ. ಹೆಸರಿಲ್ಲದ ಠರಾವು ಕಡತದಲ್ಲೇ ಉಳಿಯುತ್ತದೆ. ಗುಮಾಸ್ತಿಕೆಯಲ್ಲಿ ನಾನು ಕಂಡದ್ದು ಅದೇ.

ಮುಂದಿನ ಸಭೆಗೆ ಪ್ರತಿ ಊರಿನವರೂ ಒಂದೇ ಹಾಳೆಯಲ್ಲಿ ನಾಲ್ಕು ಉತ್ತರ ಬರೆದು ತರಬೇಕಾಗಿ ಕೋರುತ್ತೇನೆ.

– ಕಾರ್ಯದರ್ಶಿ