ಸುಳ್ಳು ಹೇಳಿದ ಕೆಂಪು ದೀಪ

ಕಳೆದ ವರ್ಷ ವಿದ್ಯಾರ್ಥಿಗಳೊಡನೆ ಒಂದು ಹಳ್ಳಿಗೆ ಹೋಗಿ, ಅಜ್ಜಿಯೊಬ್ಬರು ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಲು ಕುಳಿತೆವು. ಮುದ್ರಣದ ತಂತ್ರಾಂಶ ಗಣಕಯಂತ್ರದಲ್ಲಿತ್ತು. ಅದನ್ನು ನಡೆಸಲು ಗುಂಡಿಗಳುಳ್ಳ ಚಿಕ್ಕದೊಂದು ನಿಯಂತ್ರಣ ಫಲಕ ನನ್ನ ಮುಂದಿತ್ತು. ಅಜ್ಜಿಗೆ ಸಂಕೋಚವಾದೀತೆಂದು ಗಣಕದ ತೆರೆಯನ್ನು ಗೋಡೆಯತ್ತ ತಿರುಗಿಸಿದ್ದೆವು. ಗುಂಡಿಯನ್ನೊತ್ತಿ ಪರೀಕ್ಷೆಗೆಂದು ಒಂದು ನುಡಿ ಹಾಡಿಸಿದೆನು. ಮತ್ತೆ ಒತ್ತಿದಾಗ ದೀಪ ಆರಿತು. ಕಾಫಿಯಾದ ಮೇಲೆ ಮೂರನೆಯ ಬಾರಿ ಒತ್ತಿದೆನು, ಕೆಂಪು ದೀಪ ಹೊತ್ತಿತು. ಅಜ್ಜಿ ಇಪ್ಪತ್ತು ನಿಮಿಷ ಹಾಡಿದರು. ಕೇಳಿ ನೋಡಿದರೆ ಹಾಡೊಂದೂ ಇಲ್ಲ! ಪರೀಕ್ಷೆಯ ನುಡಿಯೂ ನಮ್ಮ ಕಾಫಿಯ ಮಾತುಕತೆಯೂ ಮಾತ್ರ ಸ್ಪಷ್ಟವಾಗಿ ಮುದ್ರಿತವಾಗಿದ್ದುವು.

ದೀಪ ಹೊತ್ತಿದ್ದೂ ಮುದ್ರಣವಾಗದಿದ್ದುದು ಹೇಗೆ?

ಮನೆಯ ದೀಪದ ಗುಂಡಿಯನ್ನು ಒತ್ತಿದರೆ ವಿದ್ಯುನ್ಮಂಡಲ ಪೂರ್ಣವಾಗಿ ದೀಪಕ್ಕೆ ಪ್ರವಾಹ ಹರಿಯುವುದು. ಅಲ್ಲಿ ಗುಂಡಿಯೇ ಒಡೆಯ. ಫಲಕದ ಗುಂಡಿಯಾದರೋ ಬರಿಯ ಓಲೆಕಾರ. ಒತ್ತಿದಾಗ ಅದು ಗಣಕಕ್ಕೆ ಮೂರು ಅಂಕಿಗಳನ್ನು ಕಳುಹಿಸುವುದು, ಅಷ್ಟೆ. ಈ ಅಂಕಿಗಳ ಭಾಷೆಗೆ ‘ಮಿಡಿ’ ಎಂದು ಹೆಸರು. (ವೀಣೆಯ ತಂತಿಯನ್ನು ಮಿಡಿಯುವುದಕ್ಕೂ ಇದಕ್ಕೂ ನಂಟಿಲ್ಲ, ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳಿವು. ಆದರೂ ಹೆಸರು ಒಪ್ಪುತ್ತದೆ!) ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಇದರ ಪ್ರಮುಖ ಪ್ರವರ್ತಕರು. 1983ರ ಜನವರಿಯಲ್ಲಿ, ಬೇರೆ ಬೇರೆ ಕಂಪೆನಿಗಳ ಎರಡು ವಾದ್ಯಗಳನ್ನು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ಜನರೆದುರು ತೋರಿಸಲಾಯಿತು.

ಮೂರು ಅಂಕಿಗಳಲ್ಲಿ ಮೊದಲನೆಯದು ಸಂದೇಶದ ಬಗೆಯನ್ನೂ, ಹದಿನಾರು ವಾಹಿನಿಗಳಲ್ಲಿ ಅದು ಯಾವುದಕ್ಕೆ ಸೇರಿದ್ದೆಂಬುದನ್ನೂ ತಿಳಿಸುವುದು. ಎರಡನೆಯದು ಗುಂಡಿಯ ಸಂಖ್ಯೆ, ಮೂರನೆಯದು ಬೆಲೆ. ಪ್ರತಿ ಅಂಕಿಗೂ ಎಂಟು ಬಿಟ್‌ಗಳು; ಅವುಗಳಲ್ಲಿ ಮೊದಲನೆಯದು, ಇದು ಆಜ್ಞೆಯೋ ಬೆಲೆಯೋ ಎಂಬ ಗುರುತಿಗೆ ಮೀಸಲು. ಉಳಿದ ಏಳರಲ್ಲಿ 0ಯಿಂದ 127ರವರೆಗೆ ಮಾತ್ರ ಎಣಿಸಬಹುದು. ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ ಒಂದು ಅಂಕಿಗೆ ಹತ್ತು ಬಿಟ್‌ಗಳಾಗುವುವು. ಮೂಲ ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುವುದರಿಂದ ಇಡೀ ಸಂದೇಶಕ್ಕೆ ಬೇಕಾದ ಕಾಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ತುಸು ಕಡಿಮೆ.

ಇದರಲ್ಲೆಲ್ಲಿಯೂ ‘ಮುದ್ರಿಸು’ ಎಂಬ ಮಾತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅರ್ಥವನ್ನು ಕೊಡುವುದು ತಂತ್ರಾಂಶ. ಅನೇಕ ತಂತ್ರಾಂಶಗಳಲ್ಲಿ ಬೇಕಾದ ಕೆಲಸವನ್ನು ಆರಿಸಿ ‘ಕಲಿ’ ಎಂದು ಹೇಳಿ ಗುಂಡಿಯನ್ನು ಒಮ್ಮೆ ಒತ್ತಿದರೆ, ಬಂದ ಸಂಖ್ಯೆಯನ್ನು ಅದು ಆ ಕೆಲಸಕ್ಕೆ ಗಂಟುಹಾಕಿಕೊಳ್ಳುವುದು. ನಾನು ಮಾಡಿದ್ದೂ ಅದನ್ನೇ. ನೋಡದೆ ಬಿಟ್ಟದ್ದು ಮೂರನೆಯ ಅಂಕಿಯನ್ನು.

ಗುಂಡಿಯ ವರ್ತನೆಯಲ್ಲಿ ಎರಡು ಬಗೆ. ಒಂದರಲ್ಲಿ ಒತ್ತಿದಾಗ 127, ಬೆರಳು ತೆಗೆದಾಗ 0 ಹೋಗುವುದು. ಇನ್ನೊಂದರಲ್ಲಿ ಒಂದು ಒತ್ತಿಗೆ 127, ಮುಂದಿನ ಒತ್ತಿಗೆ 0. ದೀಪವೂ ಅದರಂತೆಯೇ ಹೊತ್ತಿ ಆರುವುದು. ನನ್ನದು ಎರಡನೆಯ ಬಗೆ. ತಂತ್ರಾಂಶವಾದರೋ 127 ಬಂದಾಗಲೆಲ್ಲ ಇದ್ದ ಸ್ಥಿತಿಯನ್ನು ತಿರುವುಮುರುವು ಮಾಡುತ್ತಿತ್ತು, 0ಯನ್ನು ಲೆಕ್ಕಿಸುತ್ತಿರಲಿಲ್ಲ. ಮೊದಲ ಒತ್ತಿಗೆ ಮುದ್ರಣ ಆರಂಭವಾಯಿತು. ಎರಡನೆಯದಕ್ಕೆ ದೀಪ ಆರಿತು, ಮುದ್ರಣ ನಡೆದೇ ಇತ್ತು. ಮೂರನೆಯದಕ್ಕೆ ದೀಪ ಹೊತ್ತಿತು, ಮುದ್ರಣ ನಿಂತಿತು!

ಗುಂಡಿಯನ್ನು ಮೊದಲನೆಯ ಬಗೆಗೆ ಬದಲಿಸಿದುದರಿಂದ ಅರ್ಧ ದೋಷ ಹೋಯಿತು. ಉಳಿದರ್ಧ ದೀಪದ್ದು. ಮ್ಯಾಕಿ ಕಂಟ್ರೋಲ್ ಎಂಬ ಪ್ರಸಿದ್ಧ ಪದ್ಧತಿಯಲ್ಲಿ ಮುದ್ರಣದ ಗುಂಡಿಯ ಸಂಖ್ಯೆ 95. ಅದನ್ನು ಒತ್ತಿದ ಮಾತ್ರಕ್ಕೆ ದೀಪ ಹೊತ್ತದು. ತಂತ್ರಾಂಶವು ಅದೇ ಸಂಖ್ಯೆಯನ್ನು 127ರೊಡನೆ ಫಲಕಕ್ಕೆ ಹಿಂದಿರುಗಿಸಿದಾಗಲೇ ಹೊತ್ತುವುದು. ಅಲ್ಲಿ ದೀಪ ತೋರಿಸುವುದು ಬೆರಳಿನ ಇಚ್ಛೆಯನ್ನಲ್ಲ, ಯಂತ್ರದ ಸ್ಥಿತಿಯನ್ನು. ನನ್ನ ಫಲಕದ ದೀಪವನ್ನೂ ಹಾಗೆಯೇ ತಂತ್ರಾಂಶದ ವಶಕ್ಕೆ ಒಪ್ಪಿಸಿದೆನು.

ಮರುವಾರ ಮತ್ತೆ ಹೋದಾಗ ತೆರೆಯನ್ನು ನನ್ನತ್ತಲೇ ತಿರುಗಿಸಿಕೊಂಡು ಕುಳಿತೆನು. ಅಜ್ಜಿ ಬೇಸರಿಸದೆ ಎಲ್ಲವನ್ನೂ ಹಾಡಿದರು. ಮೊದಲ ದಿನ ಹಾಡಿದ್ದ ಒಂದು ಪದ ಮಾತ್ರ, ಎಷ್ಟು ಯೋಚಿಸಿದರೂ ಅವರ ನೆನಪಿಗೆ ಬರಲಿಲ್ಲ.