ಹೃದಯದ ಕವಾಟಕ್ಕೆ ಸುಣ್ಣಗಟ್ಟಿದಾಗ

ಮೆಟ್ಟಲೇರುವಾಗ ಏದುಸಿರು ಬಂದರೆ ವಯಸ್ಸಾಯಿತೆಂದು ಸುಮ್ಮನಾಗುವ ವೃದ್ಧರು ನಮ್ಮಲ್ಲಿ ಬಹುಮಂದಿ. ಎದೆನೋವೂ ನಡೆಯುವಾಗ ಮೂರ್ಛೆಯೂ ಜೊತೆಗೂಡಿದರೆ ಅದನ್ನು ಮುಪ್ಪೆಂದು ಬಿಡದೆ ವ್ಯಾಧಿಯೆಂದು ಶಂಕಿಸತಕ್ಕದ್ದು.

ಹೃದಯದಿಂದ ರಕ್ತವು ಮಹಾಧಮನಿಗೆ ಹೊರಡುವೆಡೆಯಲ್ಲಿ ಮೂರು ಎಸಳುಗಳ ಕವಾಟವೊಂದುಂಟು. ದಿನಕ್ಕೆ ಸುಮಾರು 1 ಲಕ್ಷ ಸಲ ಅದು ತೆರೆದು ಮುಚ್ಚುವುದು. ಕಾಲಕ್ರಮದಲ್ಲಿ ಎಸಳುಗಳಲ್ಲಿ ಉರಿಯೂತವೂ ಕೊಬ್ಬೂ ಸೇರಿ, ತರುವಾಯ ಸುಣ್ಣವು ಕಲ್ಲಿನಂತೆ ನೆಲೆಸಿ, ದ್ವಾರವು ಕಿರಿದಾಗುತ್ತದೆ. ಹುಟ್ಟಿನಿಂದ ಎರಡೇ ಎಸಳುಳ್ಳವರಿಗೆ ಈ ವಿಪತ್ತು ಹಲವು ವರ್ಷ ಮುಂಚಿತವಾಗಿಯೇ ಒದಗುವುದು. ಹಾಲನ್ನಾಗಲಿ ತಾಂಬೂಲದ ಸುಣ್ಣವನ್ನಾಗಲಿ ದೂಷಿಸಿ ಫಲವಿಲ್ಲ.

ಔಷಧದಿಂದ ಈ ಸುಣ್ಣವು ಕರಗೀತೆ? ಇಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಮೇಲಿಟ್ಟಿದ್ದ ಆಶೆಯೂ 2005 ಮತ್ತು 2008ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ಭಂಗವಾಯಿತು. ಕವಾಟವನ್ನೇ ಬದಲಿಸಬೇಕು. ಲಕ್ಷಣಗಳು ಕಂಡ ಮೇಲೂ ತೀವ್ರರೋಗಿಯು ಸುಮ್ಮನಿದ್ದರೆ ಎರಡು ಮೂರು ವರ್ಷ ಬದುಕುವುದೇ ದುರ್ಲಭ. 1960ರ ಸುಮಾರಿನಿಂದ ಎದೆ ತೆರೆದು ಮಾಡುತ್ತಿದ್ದ ಈ ಕಾರ್ಯವನ್ನು 2002ರಲ್ಲಿ ಫ್ರಾನ್ಸಿನ ಡಾ|| ಅಲೇನ್ ಕ್ರಿಬಿಯೆ ಮಹಾಶಯರು ರಕ್ತನಾಳದ ಮೂಲಕವೇ ನೆರವೇರಿಸಿ ತೋರಿದರು.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ|| ವಲಿಯತ್ತಾನರ ನೇತೃತ್ವದಲ್ಲಿ ಸಿದ್ಧವಾದ ಸ್ವದೇಶೀ ಕವಾಟವು 1990ರಲ್ಲಿ ಮೊದಲ ರೋಗಿಯ ಹೃದಯವನ್ನು ಸೇರಿತು. ಅದು ಅಗ್ಗವೂ ಹೌದು. ನಾಳದ ಮೂಲಕ ಕೂಡಿಸುವ ಕವಾಟದ ಬೆಲೆಯಾದರೋ ಇಂದಿಗೂ ಸಾಮಾನ್ಯ ಗೃಹಸ್ಥನ ಕೈಗೆಟುಕದು. ಆದರೆ ರೋಗವನ್ನು ಗುರುತಿಸಲು ಅಷ್ಟು ವೆಚ್ಚವಿಲ್ಲ. ವೈದ್ಯರ ಸ್ಟೆತಾಸ್ಕೋಪಿಗೆ ಕವಾಟದ ಮರ್ಮರಧ್ವನಿ ಕೇಳಿಸುತ್ತದೆ. ಎಕೋ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಆ ಯಂತ್ರವೂ ಅದನ್ನು ಬಲ್ಲವರೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕೆಂದು ನಾವು ಸರ್ಕಾರವನ್ನು ಕೇಳುತ್ತೇವೆ.